ಸಂತೆಯಲ್ಲಿ ಬಾಯಿ ತೆರೆದು ಕೂತವಳು

ನಮ್ಮ ಅತ್ತೆ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿರಲಿಲ್ಲ. ಹಲ್ಲು ಹೋದ ಹೆಂಗಸರು ನಮ್ಮ ಕಡೆ ಹಾಗೆ ಹಿಡಿಯುತ್ತಾರೆ, ಇಲ್ಲವೇ ತುಟಿ ಬಿಗಿದು ಮೂಗಿನಲ್ಲೇ ನಗುತ್ತಾರೆ. ಅವಳು ಮಾತ್ರ ತಲೆಯನ್ನು ಹಿಂದಕ್ಕೆ ವಾಲಿಸಿ, ದವಡೆಯನ್ನು ಪೂರ್ತಿ ಇಳಿಸಿ, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆಯುತ್ತಿದ್ದಳು. ಮೇಲೆ ಮುಂದಿನ ಸಾಲು ಖಾಲಿ. ಕೆಳಗೆ ಕೆಲವು ಮೊಟಕು ಹಲ್ಲು, ಸುಟ್ಟ ಬೆಂಕಿಕಡ್ಡಿಯ ತುದಿಯ ಹಾಗೆ ಕಪ್ಪು. ಒಳಗಡೆ ಬೇರು ಮಾತ್ರ ಉಳಿದ ಹಳ್ಳಗಳು. ನೋಡಿದವರು ಮುಖ ತಿರುಗಿಸಿದರೆ ಅವಳು ಬಿಡುತ್ತಿರಲಿಲ್ಲ. “ಸರಿಯಾಗಿ ನೋಡಮ್ಮ. ಪುಕ್ಕಟೆ ತೋರಿಸ್ತಾ ಇದೀನಿ,” ಅನ್ನುತ್ತಿದ್ದಳು. ಆಗ ಅವಳಿಗೆ ನಲವತ್ತೂ ಆಗಿರಲಿಲ್ಲ.

ಅವಳು ನನ್ನ ತಂದೆಯ ತಂಗಿ. ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ನಂಗಲಿಯಿಂದ ಒಳಕ್ಕೆ. ಅಲ್ಲಿಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳು, ಸುಣ್ಣ ಚಿಮುಕಿಸಿದಂಥ ಮಚ್ಚೆಗಳು. ಊರಿನಲ್ಲಿ ಎಲ್ಲರದೂ ಹಾಗೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊರಗಿನಿಂದ ಹೆಣ್ಣು ನೋಡಲು ಬಂದವರ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಅತ್ತೆಯನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋದ ಮೇಲೆ “ಹುಡುಗಿಯ ಹಲ್ಲೆಲ್ಲ ಹುಳುಕು” ಎಂದು ಹೇಳಿ ಕಳಿಸಿದರಂತೆ. ಒಂದು ಸಲ ಅಲ್ಲ, ಮೇಲಿಂದ ಮೇಲೆ. ಅವಳ ಬಾಯಲ್ಲಿ ಆಗ ಒಂದೇ ಒಂದು ಹುಳುಕು ಹಲ್ಲಿರಲಿಲ್ಲ. ಕಲೆ ಬೇರೆ, ಹುಳುಕು ಬೇರೆ. ಇದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮುಳಬಾಗಿಲಿನ ಸಂತೆಯಲ್ಲಿ ಒಬ್ಬ ಚಾಪೆ ಹಾಸಿ ಕೂರುತ್ತಿದ್ದ. ಮುಂದೆ ಒಂದು ಕನ್ನಡಿ, ಒಂದಿಷ್ಟು ಕಿತ್ತ ಹಲ್ಲು, ತುದಿಗೆ ಹತ್ತಿ ಸುತ್ತಿದ ಬಿದಿರು ಕಡ್ಡಿಗಳು, ಮತ್ತು ನೀರಿನಂಥ ದ್ರವ ತುಂಬಿದ ಸಣ್ಣ ಗಾಜಿನ ಬಾಟಲಿ. “ಹಳದಿ ಹಲ್ಲು, ಕಂದು ಹಲ್ಲು, ಕೂತು ಏಳೋದ್ರೊಳಗೆ ಮಲ್ಲಿಗೆ ಮೊಗ್ಗು!” ಎಂದು ಕೂಗುತ್ತಿದ್ದ. ನಮ್ಮ ಮನೆಗಳಲ್ಲಿ ಅವನನ್ನು ಬಾಟಲಿಯವನು ಎನ್ನುತ್ತಿದ್ದರು. ಅಜ್ಜಿ ಅತ್ತೆಯನ್ನು ಅವನ ಚಾಪೆಯ ಮೇಲೆ ಕೂರಿಸಿದಳು. ಉರಿಯಿತಂತೆ, ಕಣ್ಣಲ್ಲಿ ನೀರು ಬಂತಂತೆ. ಕಂದು ಗೆರೆ ಹೋಯಿತು. ಮುಂದಿನ ಗಂಡು ಒಪ್ಪಿಕೊಂಡ.

ಮದುವೆಯ ದಿನ ಅವಳ ಹಲ್ಲು ಹೊಳೆಯುತ್ತಿತ್ತು ಎಂದು ಬರೆಯಲು ಹೊರಟು ಕೈ ನಿಂತಿತು. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ನನಗೆ ನೆನಪಿರುವುದು ಮದುವೆಯಲ್ಲ, ನಡುಮನೆಯ ಗೋಡೆಯ ಮೇಲಿದ್ದ ಮದುವೆಯ ಫೋಟೋ. ಅದರಲ್ಲೂ ಫೋಟೋ ತೆಗೆದವನು ಹಲ್ಲಿಗೆ ಇನ್ನಷ್ಟು ಬಿಳುಪು ಸೇರಿಸಿರಬಹುದು. ಅವಳು ಬಾಯಿ ಮುಚ್ಚದೆ ನಗುತ್ತಿದ್ದಾಳೆ ಎಂಬುದಷ್ಟೇ ನಿಜ.

ಮದುವೆಯಾಗಿ ಹೋದದ್ದು ಕೋಲಾರದ ಪಕ್ಕದ ಕ್ಯಾಲನೂರಿಗೆ. ಗಂಡ ಒಳ್ಳೆಯವನು, ಎರಡು ಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಮೊದಲ ಮಗು ಹುಟ್ಟುವ ಹೊತ್ತಿಗೆ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಆಮೇಲೆ ಬಿಸಿಯೂ ಆಗದು, ಸಿಹಿಯೂ ಆಗದು. ಮುಂದಿನ ಹಲ್ಲುಗಳು ಅಂಚಿನಿಂದ ಉದುರತೊಡಗಿದವು, ಒಳಗಿನವು ಕಪ್ಪಾಗಿ ತೂತುಬಿದ್ದವು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ಕೆನ್ನೆ ಊದಿದಾಗ ಅರಿಶಿನ ಪಟ್ಟು ಹಾಕಿದರು. ತಡೆಯಲಾಗದಾಗ ಎಲ್ಲೋ ಹೋಗಿ ಕೀಳಿಸಿಕೊಂಡು ಬಂದರು. ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು: ಬಾಣಂತನ. ಬಾಣಂತಿ ಪಥ್ಯ ಮಾಡಲಿಲ್ಲ, ತಲೆಗೆ ಬಟ್ಟೆ ಕಟ್ಟದೆ ಗಾಳಿಗೆ ಓಡಾಡಿದಳು, ಅದಕ್ಕೇ ಹಲ್ಲು ಹೋದವು. ಗಂಡನ ತಾಯಿ ಅವಳನ್ನು ಬೊಚ್ಚುಬಾಯಿ ಎಂದೇ ಕರೆಯುತ್ತಿದ್ದಳು. “ಏ ಬೊಚ್ಚುಬಾಯಿ, ಹಸು ಕಟ್ಟಿದ್ಯಾ?” ಅತ್ತೆ ತನ್ನದೇ ತಪ್ಪು ಎಂದುಕೊಂಡು ವರ್ಷಗಟ್ಟಲೆ ತಲೆ ತಗ್ಗಿಸಿಕೊಂಡು ಹಸು ಕಟ್ಟಿದಳು.

ಕೊನೆಗೆ ಕೋಲಾರದ ಒಬ್ಬ ಹಲ್ಲಿನ ಡಾಕ್ಟರಮ್ಮ ಸತ್ಯ ಹೇಳಿದರು. ನಾನು ಅಲ್ಲಿರಲಿಲ್ಲ. ಅತ್ತೆ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಅದರಲ್ಲಿ ಡಾಕ್ಟರ ಮಾತು ಎಲ್ಲಿ ಮುಗಿದು ಅತ್ತೆಯ ಮಾತು ಎಲ್ಲಿ ಶುರುವಾಗುತ್ತದೆ ಎಂದು ನನಗೆ ಬಿಡಿಸಲಾಗದು.

“ಇದಕ್ಕೆ ಯಾವಾಗಲಾದರೂ ಏನಾದ್ರೂ ಹಚ್ಚಿಸಿದ್ರಾಮ್ಮ?” ಎಂದರಂತೆ ಡಾಕ್ಟರು. ಇವಳು ಬಾಟಲಿಯ ವಿಷಯ ಹೇಳಿದಳು. ಅವರು ಕೈಗವಸು ಬಿಚ್ಚಿಟ್ಟು ಕೂತರಂತೆ.

“ಎಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಕ್ರಿಮಿಗಳಿರ್ತವೆ. ನಾವು ತಿಂದ ಸಿಹಿ ಅವಕ್ಕೂ ಊಟ. ಅದನ್ನ ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಪದರವನ್ನ ಮೆಲ್ಲಗೆ ಕರಗಿಸ್ತದೆ, ಹಾಗೆ ಹುಳುಕು ಆಗೋದು. ಅದಕ್ಕೆ ತಿಂಗಳು, ವರ್ಷ ಹಿಡಿಯುತ್ತೆ. ನಡುವೆ ಉಜ್ಜಿದ್ರೆ, ಬಾಯಿ ತೊಳೆದ್ರೆ ತಡೀಬಹುದು. ಅವನ ಬಾಟಲಿಲಿ ಇದ್ದಿದ್ದು ಆಸಿಡ್. ವರ್ಷದ ಕೆಲಸಾನ ಒಂದು ಗಳಿಗೇಲಿ ಮಾಡಿಬಿಟ್ಟ. ಪದರ ಹೋದ ಮೇಲೆ ಹುಳುಕಿಗೆ ತಡೆ ಏನಿದೆ?”

“ಆ ಪದರ ಮತ್ತೆ ಬೆಳೀತದಲ್ಲ ತಾಯಿ? ಉಗುರು ಬೆಳೆಯಲ್ವಾ?”

“ಇಲ್ಲಮ್ಮ. ಅದು ಬೆಳೆಯಲ್ಲ.”

“ಬಾಣಂತನದಿಂದ ಅಂತಾರಲ್ಲ?”

“ಮಗು ಹೆತ್ತಿದ್ದಕ್ಕೆ ಯಾರ ಹಲ್ಲೂ ಹೀಗೆ ಕರಗಲ್ಲ.”

ಮನೆಗೆ ಬಂದು, ಹಸುಗಳಿಗೆ ಬೂಸಾ ಕಲಸಿ, ಕೈ ತೊಳೆದು ಗಂಡನನ್ನು ಕೇಳಿದಳಂತೆ: “ಅವ್ನು ಇನ್ನೂ ಸಂತೇಲಿ ಕೂತ್ಕೋತಾನಾ?”

ಆ ವಾರವೇ ಒಬ್ಬಳೇ ಮುಳಬಾಗಿಲಿಗೆ ಬಂದಳು, ಅವನಿದ್ದಾನೋ ಇಲ್ಲವೋ ನೋಡಲು. ಇದ್ದ. ಅವನ ಚಾಪೆಯ ಮೇಲೆ ನಾನು ಕೂತಿದ್ದೆ.

ನನಗೊಂದು ಸಂಬಂಧ ಬಂದಿತ್ತು. ನಾನು ಬಿ.ಎ. ಓದುತ್ತಿದ್ದೆ. ನನ್ನ ಹಲ್ಲೂ ಊರಿನ ಹಲ್ಲೇ. “ನಿಮ್ಮತ್ತೆಗೆ ಗಂಡು ಕೂಡಿಬಂದಿದ್ದೇ ಆ ಬಾಟಲಿಯಿಂದ ಕಣೇ,” ಎಂದು ಅಜ್ಜಿ ಕರೆದುಕೊಂಡು ಬಂದಿದ್ದಳು. ಮಗಳ ಬಾಯಿ ಏನಾಗಿದೆ ಎಂದು ಅವಳು ಕಂಡಿರಲಿಲ್ಲವೇ? ಕಂಡಿದ್ದಳು. ಆದರೆ ಅದು ಬಾಣಂತನದ ಲೆಕ್ಕಕ್ಕೆ ಸೇರಿಹೋಗಿತ್ತು. ನನಗೂ ಮನಸ್ಸಿತ್ತು. ಬಿಳಿ ಹಲ್ಲು ಯಾರಿಗೆ ಬೇಡ? ಅವನು ನನ್ನ ಗಲ್ಲ ಹಿಡಿದು ಹತ್ತಿಯ ಕಡ್ಡಿಯನ್ನು ಬಾಟಲಿಗೆ ಅದ್ದಿದ್ದ. ಮೂಗಿಗೆ ಚುರುಕು ವಾಸನೆ ಬರುತ್ತಿತ್ತು.

ಯಾರೋ ನನಗೂ ಅವನಿಗೂ ನಡುವೆ ಕುಕ್ಕರಗಾಲಲ್ಲಿ ಕೂತರು. ಅತ್ತೆ. ನನ್ನ ಮುಖದ ಹತ್ತಿರಕ್ಕೆ ಬಂದು ಬಾಯಿ ತೆರೆದಳು, ಪೂರ್ತಿ. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ.

“ಇದು ಬೇಕಾ ನಿಂಗೆ? ಬೇಕಂದ್ರೆ ಕೂತ್ಕೋ. ಬೇಡ ಅಂದ್ರೆ ಏಳು.”

“ಏನೇ ಇದು, ನಾಲ್ಕು ಜನದ ಮುಂದೆ ಮರ್ಯಾದೆ ಕಳೀತೀಯಾ?” ಎಂದಳು ಅಜ್ಜಿ.

“ಅಮ್ಮಾ, ನನ್ನ ಹಲ್ಲು ಬಾಣಂತನಕ್ಕೆ ಹೋಗ್ಲಿಲ್ಲ. ಇವ್ನ ಬಾಟಲಿಗೆ ಹೋದ್ವು. ಡಾಕ್ಟರಮ್ಮ ಹೇಳಿದ್ರು.”

ಬಾಟಲಿಯವನು ಕಡ್ಡಿಯನ್ನು ಕೆಳಗಿಟ್ಟ. “ಎವರಮ್ಮಾ, ಯಾರು ನೀವು? ನಿಮ್ಮನ್ನ ನಾನು ನೋಡೇ ಇಲ್ಲ.”

“ನೀನ್ಯಾಕೆ ನನ್ನ ಮುಖ ನೋಡ್ತೀಯಾ? ನೀನು ಹಲ್ಲು ನೋಡೋನು. ಇಗೋ ನೋಡು, ಗುರುತು ಸಿಕ್ತಾ?”

ನಾನು ಎದ್ದೆ. ಬುದ್ಧಿ ಬಂದು ಎದ್ದದ್ದಲ್ಲ, ಹೆದರಿ ಎದ್ದದ್ದು. ಆವತ್ತೇ ಅವಳಿಗೆ ಮನಸ್ಸಿನಲ್ಲಿ ಕೈಮುಗಿದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆ ದಿನದ ದಿನಚರಿ ಬೇರೆ ಹೇಳುತ್ತದೆ: ಸಂತೆಯಲ್ಲಿ ಮಾನ ಹೋಯಿತು, ಅತ್ತೆಯ ಮುಖ ನೋಡುವುದಿಲ್ಲ, ಎಂದು ಬರೆದಿದ್ದೇನೆ. ಅಜ್ಜಿ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಹೊರಡುವಾಗ ಅತ್ತೆ ಅವಳ ಪಕ್ಕ ಕೂತು, “ನಿನ್ನ ಬಿಟ್ಟಿದೀನಮ್ಮ. ನಿಂಗೆ ಗೊತ್ತಿರ್ಲಿಲ್ಲ. ಅವನನ್ನ ಬಿಡಲ್ಲ,” ಎಂದಳು. ಇದು ನನಗೆ ಸರಿಯಾಗಿ ನೆನಪಿದೆ. ಬಾಗಿಲ ಹಿಂದೆ ನಿಂತು ಕೇಳಿದ್ದೆ.

ಮುಂದಿನ ಸಂತೆಗೆ ಅವಳು ಹಿತ್ತಲಿನ ಕರಿಬೇವನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬಂದಳು. ಸುಂಕ ಕಟ್ಟಿ, ಚೀಟಿ ಸೊಂಟಕ್ಕೆ ಸಿಕ್ಕಿಸಿ, ಬಾಟಲಿಯವನ ಚಾಪೆಗೆ ತಾಗಿಕೊಂಡೇ ತನ್ನ ಗೋಣಿ ಹಾಸಿದಳು. ಸುಂಕ ಕಟ್ಟಿದವರನ್ನು ಎಬ್ಬಿಸಲು ಯಾರಿಗೂ ಅಧಿಕಾರವಿಲ್ಲ. ಅದು ಅವಳ ಉಪಾಯ. ಜಗಳವಾಡಿದರೆ ಪೊಲೀಸರು ಬರುತ್ತಾರೆ, ಕರಿಬೇವು ಮಾರಿದರೆ ಯಾರು ಬರುತ್ತಾರೆ? ಅವನ ಮುಂದೆ ಯಾರಾದರೂ ಬಂದು ಕೂತರೆ ಸಾಕು, ಇವಳು ಅವರ ಕಡೆ ತಿರುಗಿ ನಗುತ್ತಿದ್ದಳು.

“ಹಲ್ಲು ಬೆಳ್ಳಗೆ ಮಾಡಿಸ್ತೀಯಾ ತಾಯಿ? ಮಾಡಿಸು, ಮಾಡಿಸು. ನಾನೂ ಮಾಡಿಸ್ಕೊಂಡಿದ್ದೆ. ಮಲ್ಲಿಗೆ ಮೊಗ್ಗು ಅಂತಾನಲ್ಲ, ಮೊಗ್ಗು ಎಷ್ಟು ಹೊತ್ತು ಇರ್ತದೆ? ಆ ಹೂವಿನವಳನ್ನೇ ಕೇಳು.”

ಪಕ್ಕದ ಹೂವಿನವಳು ಕಿಸಕ್ಕನೆ ನಗುತ್ತಿದ್ದಳು. ಕೂತವರು ಏಳುತ್ತಿದ್ದರು. ಅವನು ಜಾಗ ಬದಲಾಯಿಸಿದರೆ ಇವಳೂ ಗೋಣಿ ಎತ್ತಿಕೊಂಡು ಹೋಗುತ್ತಿದ್ದಳು. ಅವನು ಮುಳಬಾಗಿಲು ಬಿಟ್ಟು ಶ್ರೀನಿವಾಸಪುರದ ಸಂತೆಗೆ ಹೋದ. ಕರಿಬೇವೂ ಶ್ರೀನಿವಾಸಪುರಕ್ಕೆ ಹೋಯಿತು. ಬೆಳಗಿನ ಹಾಲು ಡೈರಿಗೆ ಹಾಕಿ ಬಸ್ಸು ಹತ್ತಿದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸು. “ನಮ್ಮೋಳು ಬಾಯಿ ತಕ್ಕೊಂಡು ವ್ಯಾಪಾರಕ್ಕೆ ಹೋಗವ್ಳೆ,” ಎಂದು ಮಾವ ಬಂದವರಿಗೆ ಹೇಳುತ್ತಿದ್ದ. ಅವನು ತಡೆಯಲಿಲ್ಲ. ಬೊಚ್ಚುಬಾಯಿ ಎನ್ನುತ್ತಿದ್ದ ಅವನ ತಾಯಿಯೂ ಆ ಶಬ್ದ ನಿಲ್ಲಿಸಿದಳು. ಅತ್ತೆಗೆ ಅದರಿಂದ ನೋವಾಗುವುದು ನಿಂತ ಮೇಲೆ ರುಚಿ ಕೆಟ್ಟಿರಬೇಕು.

ಆ ಸಂಬಂಧ ಕೂಡಿಬರಲಿಲ್ಲ, ನನ್ನ ಮುನಿಸೂ ಉಳಿಯಲಿಲ್ಲ. ಎಂ.ಎ. ಮುಗಿಸಿ ಕೋಲಾರದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಭಾನುವಾರಗಳಲ್ಲಿ ಕ್ಯಾಲನೂರಿಗೆ ಹೋಗುತ್ತಿದ್ದೆ. ಹೊಸ್ತಿಲು ದಾಟಿದ ಮಕ್ಕಳನ್ನೆಲ್ಲ ಅವಳು ಬೆಳಕಿಗೆ ತಿರುಗಿಸಿ, ಟಾರ್ಚು ಹಿಡಿದು ಬಾಯಿ ನೋಡುತ್ತಿದ್ದಳು. ರಾತ್ರಿ ಉಜ್ಜದೆ ಮಲಗುವಂತಿಲ್ಲ. ಪೇಸ್ಟು ಬಟಾಣಿ ಕಾಳಿನಷ್ಟೇ, ನುಂಗಬಾರದು. ಅಂಟುವ ಮಿಠಾಯಿ ಇಡೀ ದಿನ ಚೀಪುವಂತಿಲ್ಲ, ತಿಂದರೆ ಒಂದೇ ಸಲ ತಿಂದು ಬಾಯಿ ಮುಕ್ಕಳಿಸು. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು, ಬೋರ್ ನೀರು ಹಸುಗಳಿಗೆ. ಒಂದು ಭಾನುವಾರ ನನ್ನ ದವಡೆ ಹಲ್ಲಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಕಂಡಳು. “ನೋವಿಲ್ಲ ಅತ್ತೆ,” ಎಂದೆ. “ನೋವು ಬರೋವರೆಗೂ ಕಾದ್ರೆ ನರ ತಾಕಿರ್ತದೆ. ಈಗ ಹೋದ್ರೆ ತುಂಬಿ ಕಳಿಸ್ತಾರೆ,” ಎಂದು ಮರುದಿನವೇ ಅದೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಕೊರೆದು, ಒಣಗಿಸಿ, ತುಂಬಿದರು. ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಕಂದು ಕಲೆಗೂ ಹಲ್ಲು ಕೆಡದ ಹಾಗೆ ಮೇಲೆ ತೆಳ್ಳಗೆ ಹಲ್ಲಿನ ಬಣ್ಣದ ಪದರ ಹಚ್ಚುವ ದಾರಿಯಿದೆ, ಬೇಕಾ ಎಂದು ಡಾಕ್ಟರು ಕೇಳಿದರು. ನಾನು ಬೇಡವೆಂದೆ. ಯಾಕೆ ಬೇಡವೆಂದೆನೋ ಇವತ್ತಿಗೂ ಸರಿಯಾಗಿ ಹೇಳಲಾರೆ.

ಅತ್ತೆಗೂ ಅವರು ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆಂದರು. ಅವಳು ನಕ್ಕಳು. “ಈಗ ಬೇಡ ತಾಯಿ. ಇದು ನನ್ನ ಅಂಗಡಿ ಬೋರ್ಡು. ಬೋರ್ಡು ಮುಚ್ಚಿ ವ್ಯಾಪಾರ ಮಾಡೋಕಾಗ್ತದಾ?”

ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನು ಅವಳಿಗೆ ಕೇಳಿಬಿಟ್ಟೆ. ಅವಳು ಚಾಪೆಯ ಮೇಲೆ ಕೂತದ್ದಕ್ಕೂ ನಾನು ಕೂತದ್ದಕ್ಕೂ ನಡುವೆ ಎಷ್ಟೋ ವರ್ಷ ಕಳೆದಿದ್ದವು. ನೋವಿನಲ್ಲಿ ಕಣ್ಣು ಮುಚ್ಚಿದ್ದವಳಿಗೆ ಅವನ ಮುಖ ಎಷ್ಟು ನೆನಪಿದ್ದೀತು? ನಮ್ಮ ನೆನಪು ಮಾಡುವ ಮೋಸಗಳನ್ನು ನಾನು ನನ್ನಲ್ಲೇ ಕಂಡಿದ್ದೇನೆ.

“ಅತ್ತೆ, ಇವನೇ ಅವನು ಅಂತ ಹೇಗೆ ಹೇಳ್ತೀಯಾ? ಬೇರೆಯವನಾಗಿದ್ರೆ?”

ಕರಿಬೇವಿನ ಕಡ್ಡಿ ಮುರಿಯುತ್ತಿದ್ದವಳು ತಲೆ ಎತ್ತಲಿಲ್ಲ. “ಅವನಾದ್ರೇನು, ಅವನ ತಮ್ಮನಾದ್ರೇನು? ಬಾಟಲಿ ಅದೇ ಕಣೇ.”

ನನಗೆ ಆ ಉತ್ತರ ಆಗ ಅನ್ಯಾಯವೆನಿಸಿತ್ತು. ಮಾಲೂರಿನ ಸಂತೆಯವರೆಗೆ ಅನ್ಯಾಯವೆಂದೇ ಅನಿಸಿತ್ತು.

ಶ್ರೀನಿವಾಸಪುರವನ್ನೂ ಬಿಟ್ಟು ಅವನು ಮಾಲೂರಿಗೆ ಹೋಗಿದ್ದ. ಅವತ್ತು ನನಗೆ ರಜೆ, ಅತ್ತೆಯ ಜೊತೆ ಹೋದೆ. ಅವನು ಇವಳು ಬರುವುದನ್ನು ದೂರದಿಂದಲೇ ಕಂಡು ಕನ್ನಡಿ ಮಡಚಿದ. ಆಮೇಲೆ ಏನೋ ಯೋಚಿಸಿ ಮತ್ತೆ ಬಿಡಿಸಿಟ್ಟ. ಸೊರಗಿದ್ದ. ನನಗೆ ಅವನ ಮೇಲೆ ಕರುಣೆ ಬಂತು.

“ಅಮ್ಮಾ, ದಂಡಂ ಪೆಡ್ತಾನು,” ಎಂದು ತೆಲುಗಿನಲ್ಲೇ ಕೈಮುಗಿದ. “ನಿಮಗೆ ನಾನೇನು ಮಾಡ್ದೆ? ಹೊಟ್ಟೆಪಾಡು. ಮದುವೆಗೆ ಬಂದ ಮಗಳಿದಾಳೆ.”

ಮಗಳು ಅಲ್ಲೇ ಇದ್ದಳು. ಅಪ್ಪನಿಗೆ ಬುತ್ತಿ ತಂದಿದ್ದಳು, ಸ್ಟೀಲಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಚಾಪೆಯ ಹಿಂದೆ ಕೂತಿದ್ದಳು. ಅತ್ತೆ ಅವಳ ಕಡೆ ತಿರುಗಿ ಮೃದುವಾಗಿ ಏನೋ ಕೇಳಿದಳು. ಹೆಸರೇನು, ಏನು ಓದಿದೀಯಾ, ಅಂಥದೇನೋ. ಹುಡುಗಿ ಉತ್ತರಿಸಿದಳು. ಉತ್ತರಿಸುವಾಗ ಕೈ ಬಾಯಿಗೆ ಹೋಯಿತು. ಆದರೂ ಕಂಡಿತು. ಅವಳ ಹಲ್ಲುಗಳ ಮೇಲೆ ಉದ್ದಕ್ಕೂ ಕಂದು ಗೆರೆ. ನನ್ನ ಹಲ್ಲಿನಂಥದೇ, ನಮ್ಮೂರಿನ ಹಲ್ಲಿನಂಥದೇ. ಗಟ್ಟಿ, ಇಡಿಯಾದ, ಬಾಟಲಿ ಮುಟ್ಟದ ಹಲ್ಲು.

ಅತ್ತೆ ಗೋಣಿ ಹಾಸಲಿಲ್ಲ. ಬಗ್ಗಿ ಅವನ ಚಾಪೆಯಿಂದ ಬಾಟಲಿಯನ್ನೆತ್ತಿ ಅವನ ಕೈಗೆ ಕೊಟ್ಟಳು.

“ಹಚ್ಚು.”

“ಏಮ್ಮಾ?”

“ಮದುವೆಗೆ ಬಂದವ್ಳೆ ಅಂದ್ಯಲ್ಲ. ಹಲ್ಲು ಕಂದಾಗಿದೆ. ನಿನ್ನ ಕೈಯಲ್ಲೇ ಬಾಟಲಿ ಇದೆ. ಹಚ್ಚು, ನಾನು ನೋಡ್ತೀನಿ. ನೀನು ಹಚ್ಚಿದ್ರೆ ನಿನ್ನ ಕಾಲಿಗೆ ಬಿದ್ದು ಹೋಗ್ತೀನಿ, ಯಾವ ಸಂತೆಗೂ ಬರಲ್ಲ.”

ಜನ ಸೇರಿದರು. ಈರುಳ್ಳಿಯವನು ತಕ್ಕಡಿ ಬಿಟ್ಟು ಬಂದ. ಬಾಟಲಿಯವನು ಮಗಳನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದ.

“ಒಳ್ಳೇದೇ ಆಗಿದ್ರೆ ಮೊದ್ಲು ಮಗಳಿಗೆ ಹಚ್ತಿದ್ದೆ ಕಣೋ,” ಎಂದಳು ಅತ್ತೆ. ಅವಳ ದನಿ ಏರಲಿಲ್ಲ. “ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಊರವರ ಮಕ್ಕಳಿಗೆ ಹಚ್ದೆ.”

“ಹಚ್ಚಯ್ಯಾ, ನೋಡೋಣ!” ಎಂದು ಈರುಳ್ಳಿಯವನು ಕೂಗಿದ. ಇನ್ನೂ ಯಾರೋ ಕೂಗಿದರು. ಅವನು ಬಾಟಲಿಯನ್ನು ಜೇಬಿಗೆ ಹಾಕಿ, ಕಿತ್ತ ಹಲ್ಲುಗಳನ್ನು ಚಾಪೆಯಲ್ಲೇ ಸುರುಳಿ ಸುತ್ತಿ ಎದ್ದ. ಹುಡುಗಿ ಬಿಕ್ಕಿ ಅಳುತ್ತಿದ್ದಳು. ನನಗೆ ಅವಳನ್ನು ನೋಡಲಾಗಲಿಲ್ಲ. ಅತ್ತೆ ಅವಳ ಕೈಯನ್ನು ಬಾಯಿಂದ ಕೆಳಗಿಳಿಸಿ, “ನಿಂದು ಒಳ್ಳೆ ಹಲ್ಲಮ್ಮಾ. ಮುಚ್ಕೋಬೇಡ. ಯಾರೇನಂದ್ರೂ ಮುಟ್ಟಿಸ್ಬೇಡ,” ಎಂದಳು. ಆಮೇಲೆ ಹೋಗುತ್ತಿದ್ದ ಅವನ ಬೆನ್ನಿಗೆ ತಲೆ ಹಿಂದಕ್ಕೆ ವಾಲಿಸಿ ನಕ್ಕಳು. ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ. ನನಗೆ ಹಿತವಾಯಿತು. ಈಗ ನೆನೆದರೂ ಹಿತವಾಗುತ್ತದೆ. ಇದನ್ನು ಬಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಕೋಲಾರ ಸೀಮೆಯ ಯಾವ ಸಂತೆಯಲ್ಲೂ ಅವನು ಮತ್ತೆ ಕಾಣಲಿಲ್ಲ. ಅತ್ತೆ ಡಾಕ್ಟರಮ್ಮನ ಹತ್ತಿರ ಹೋಗಿ ಉಳಿದ ಬೇರುಗಳನ್ನು ತೆಗೆಸಿಕೊಂಡು ಹಲ್ಲಿನ ಸೆಟ್ಟು ಹಾಕಿಸಿಕೊಂಡಳು. ಚಕ್ಕುಲಿ ತಿಂದಳು. ಜೋಳದ ತೆನೆ ಕಡಿದಳು. ನೋಡಲು ಚೆನ್ನಾಗಿದ್ದಳು, ಆದರೆ ಸಂತೆಯ ದಿನಗಳಲ್ಲಿ ಏನು ಮಾಡಬೇಕೆಂದು ತಿಳಿಯದೆ ಹಿತ್ತಲಿಗೂ ಬಾಗಿಲಿಗೂ ಓಡಾಡುತ್ತಿದ್ದಳು.

ಕಳೆದ ವರ್ಷ ಹಾಲಿನ ಲಾರಿಯ ಡ್ರೈವರ್ ಒಬ್ಬ ಸುದ್ದಿ ತಂದ: ಗಡಿಯಾಚೆ ಪಲಮನೇರಿನ ಸಂತೆಯಲ್ಲಿ ಒಬ್ಬ ಹಲ್ಲು ಬಿಳಿ ಮಾಡುತ್ತಾನೆ. ಅತ್ತೆ ಎದ್ದು ಒಳಗೆ ಹೋಗಿ ಸೆಟ್ಟನ್ನು ತೆಗೆದು ನೀರಿನ ಬಟ್ಟಲಿಗೆ ಹಾಕಿ ಬಂದಳು. “ಪಲಮನೇರಿಗೆ ಬಸ್ಸು ಎಷ್ಟೊತ್ತಿಗೆ?” ಎಂದು ಆ ಖಾಲಿ ಬಾಯಲ್ಲೇ ಕೇಳಿದಳು. ಆ ಹೊತ್ತಿಗಾಗಲೇ ಅವಳ ಕಾಲು ಊದುತ್ತಿತ್ತು. ಕಿಡ್ನಿ ಎಂದರು. ಬಸ್ಸು ಹತ್ತಲಾಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದಾಗ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, “ನೀನು ಹೋಗ್ತೀಯಾ?” ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

“ನಾನು ಹೋಗಿ ಏನು ತೋರಿಸ್ಲಿ ಅತ್ತೆ? ನನ್ನ ಬಾಯಲ್ಲಿ ಎಲ್ಲ ಇದಾವಲ್ಲ.”

“ಇರೋದೇ ತೋರ್ಸು.”

ಆಮೇಲೂ ಅವಳು ನೀರು ಕೇಳಿದಳು, ಹಸುಗಳನ್ನು ಕೇಳಿದಳು. ಆದರೆ ಮಾತು ಎನ್ನುವಂಥದು ಅದೇ ಕೊನೆ. ಮೂರನೆಯ ದಿನ ತೀರಿಕೊಂಡಳು.

ತಿಥಿಯ ಊಟಕ್ಕೆ ಬಂದವರಲ್ಲಿ ಒಬ್ಬರು, ದೂರದ ನೆಂಟರು, ಎಲೆಯ ಮುಂದೆ ಕೂತು ಹೇಳಿದರು: “ಕೊನೆಗಾಲದಲ್ಲಿ ಎಲ್ಲರನ್ನೂ ಕ್ಷಮಿಸಿ ಹೋದಳಂತೆ, ಪುಣ್ಯಾತ್ಗಿತ್ತಿ. ಆ ಬಾಟಲಿಯವನನ್ನೂ.” ಪಕ್ಕದವರು ತಲೆಯಾಡಿಸಿದರು. ಇನ್ನು ಕೆಲವು ವರ್ಷಕ್ಕೆ ಇದೇ ನಿಜವಾಗುತ್ತದೆ. ನಾನೇ ನಂಬಿದರೂ ನಂಬಿಬಿಡಬಹುದು. ನೆನಪು ಮೆತ್ತಗಾಗುವುದು ನನಗೆ ಗೊತ್ತು. ಅದಕ್ಕೆ ಇವತ್ತೇ ಬರೆದಿಡುತ್ತಿದ್ದೇನೆ. ಅವಳು ಅವನನ್ನು ಕ್ಷಮಿಸಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಪಲಮನೇರಿನಲ್ಲಿ ಕೂರುವವನು ಅವನೋ, ಅವನ ತಮ್ಮನೋ, ಇನ್ನಾರೋ ನನಗೆ ತಿಳಿಯದು. ಮುಂದಿನ ವಾರ ಕಾಲೇಜಿಗೆ ಒಂದು ದಿನ ರಜೆ ಹಾಕಿದ್ದೇನೆ.